ಪಾರ್ಟ್ಸ್ ವಾಷರ್ ಕೊಳ್ಳುವ ಮೊದಲು ದ್ರವ ಯಾವುದೆಂದು ತೀರ್ಮಾನಿಸಿ

ಮನೆಯ ಪೋರ್ಟಿಕೋದಲ್ಲೋ ಹಿತ್ತಲಿನ ಶೆಡ್ಡಿನಲ್ಲೋ ಬೈಕು ಬಿಚ್ಚಿ ಕೆಲಸ ಮಾಡುವವರು ಬಿಚ್ಚಿದ ಭಾಗಗಳ ಜಿಡ್ಡು ತೊಳೆಯುವ ಡಬ್ಬ, ಅಂದರೆ ಪಾರ್ಟ್ಸ್ ವಾಷರ್ ಕೊಳ್ಳಲು ಹೊರಟರೆ ಸಾಮಾನ್ಯವಾಗಿ ಕೇಳುವ ಪ್ರಶ್ನೆ: ಎಷ್ಟು ಲೀಟರಿನದು ಬೇಕು? ಅದಕ್ಕಿಂತ ಮೊದಲು ತೀರ್ಮಾನವಾಗಬೇಕಾದ್ದು, ಯಾವ ದ್ರವದಲ್ಲಿ ತೊಳೆಯುತ್ತೀರಿ ಎಂಬುದು. ಡಬ್ಬ ತಗಡಿನದಿರಬೇಕೋ ಪ್ಲಾಸ್ಟಿಕ್ಕಿನದೋ, ಕರೆಂಟಿನ ಪಂಪು ಹಾಕಬಹುದೋ ಬೇಡವೋ, ಹೀಟರ್ ಇರಬೇಕೋ ಇಲ್ಲವೋ, ಎಲ್ಲವನ್ನೂ ದ್ರವವೇ ಹೇಳುತ್ತದೆ. ನೀರಿಗೆಂದು ಮಾಡಿದ ಪಂಪನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿದರೆ ಮೊದಲು ಅದರ ಪ್ಲಾಸ್ಟಿಕ್ಕು, ಸೀಲು ಉಬ್ಬುತ್ತವೆ. ಆಮೇಲೆ ಒಳಗಿನ ವೈರಿನ ಸರದಿ. ಆ ಹೊತ್ತಿಗೆ ಸುತ್ತಲೂ ಸೀಮೆಎಣ್ಣೆ ಇರುತ್ತದೆ.

ಮೊದಲು ಪೆಟ್ರೋಲನ್ನು ಪಟ್ಟಿಯಿಂದ ತೆಗೆಯಿರಿ

ಟ್ಯಾಂಕಿನಿಂದ ಅರ್ಧ ಬಾಟಲಿ ಬಸಿದು ಹಳೆಯ ತಟ್ಟೆಗೆ ಸುರಿದು ಕಾರ್ಬ್ಯುರೇಟರ್ ತೊಳೆಯುವುದು ನಮ್ಮ ರಸ್ತೆಬದಿಯ ಗ್ಯಾರೇಜುಗಳಲ್ಲಿ ದಿನವೂ ಕಾಣುವ ನೋಟ. ಬೇಗ ತೊಳೆಯುತ್ತದೆ, ಬೇಗ ಆರುತ್ತದೆ, ಕೈಗೆ ಸುಲಭವಾಗಿ ಸಿಗುತ್ತದೆ, ಎಲ್ಲವೂ ನಿಜ. ಆದರೆ ಪೆಟ್ರೋಲಿನ ಫ್ಲ್ಯಾಶ್ ಪಾಯಿಂಟು ಮೈನಸ್ 40 ಡಿಗ್ರಿಯ ಆಸುಪಾಸಿನಲ್ಲಿದೆ. ಫ್ಲ್ಯಾಶ್ ಪಾಯಿಂಟ್ ಅಂದರೆ, ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಆವಿ ದ್ರವದ ಮೇಲೆ ಏಳುವ ಅತಿ ಕಡಿಮೆ ಉಷ್ಣತೆ. ಅಂದಮೇಲೆ ನಮ್ಮ ನಾಡಿನ ಯಾವ ಊರಿನಲ್ಲೂ, ಯಾವ ಚಳಿಗಾಲದಲ್ಲೂ ತಟ್ಟೆಯಲ್ಲಿರುವ ಪೆಟ್ರೋಲು ಹೊತ್ತಿಕೊಳ್ಳಲು ಸಿದ್ಧವಾಗಿಯೇ ಇರುತ್ತದೆ. ಗಾಳಿಯಲ್ಲಿ ಶೇ. 1.4ರಷ್ಟು ಆವಿ ಸೇರಿದರೂ ಸಾಕು.

ಆ ಆವಿ ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರ. ಮೇಲಕ್ಕೆ ಹೋಗುವುದಿಲ್ಲ, ನೆಲ ಹಿಡಿದು ಹರಿಯುತ್ತದೆ. ಬೆಂಗಳೂರಿನ ಬಹಳಷ್ಟು ಮನೆಗಳಲ್ಲಿ ಪೋರ್ಟಿಕೋದ ಕೆಳಗೇ ನೀರಿನ ಸಂಪು, ಪಕ್ಕದ ಗೋಡೆಗೆ ಮೋಟರಿನ ಸ್ಟಾರ್ಟರ್. ಸಂಪಿನ ಮುಚ್ಚಳದ ಸಂದಿಯಿಂದ ಆವಿ ಒಳಗಿಳಿದು ನಿಂತರೆ ಯಾರಿಗೂ ಕಾಣುವುದಿಲ್ಲ. ಸಂಜೆ ಒಳಗಿನಿಂದ ಯಾರೋ ಮೋಟರ್ ಹಾಕುತ್ತಾರೆ. ದೇವರ ಮನೆಯ ದೀಪ, ಗ್ಯಾಸ್ ಒಲೆ, ಫ್ರಿಜ್ಜಿನ ರಿಲೇ ಎಲ್ಲವೂ ಇದೇ ಸಾಲಿಗೆ ಸೇರುತ್ತವೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಪೆಟ್ರೋಲು ಸುರಿಯುವಾಗ ಏಳುವ ಸ್ಥಾಯಿ ವಿದ್ಯುತ್ತಿನ ಕಿಡಿಯೇ ಕೆಲವೊಮ್ಮೆ ಸಾಕಾಗುತ್ತದೆ.

ಆರೋಗ್ಯದ ಮಾತೂ ಇದೆ. ಬಿಎಸ್-6 ಪೆಟ್ರೋಲಿನಲ್ಲಿ ಬೆಂಜೀನ್ ಶೇ. 1ರವರೆಗೆ ಇರಬಹುದು. ಅದು ಕ್ಯಾನ್ಸರ್ ತರುವ ವಸ್ತು, ಉಸಿರಿನಿಂದಲೂ ಚರ್ಮದಿಂದಲೂ ಮೈಸೇರುತ್ತದೆ. ಕೆಲಸದ ದೃಷ್ಟಿಯಿಂದಲೂ ಪೆಟ್ರೋಲು ಅಷ್ಟೇನೂ ಒಳ್ಳೆಯದಲ್ಲ. ಅದು ರಭಸವಾಗಿ ಆರುವಾಗ ಲೋಹ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಇಬ್ಬನಿಯಂತೆ ಕೂರುತ್ತದೆ. ಮಂಗಳೂರು, ಉಡುಪಿ, ಕಾರವಾರದ ಮಳೆಗಾಲದಲ್ಲಿ ಹೀಗೆ ತೊಳೆದ ಬೇರಿಂಗು ಮರುದಿನ ಬೆಳಿಗ್ಗೆ ಕಂದು ಚುಕ್ಕೆ ತೋರಿಸುತ್ತದೆ.

ಸೀಮೆಎಣ್ಣೆ, ಟರ್ಪೆಂಟೈನ್, ಡೀಸೆಲ್, ಡಿ-80

ಪೆಟ್ರೋಲು ಬಿಟ್ಟಮೇಲೆ ಉಳಿಯುವ ಎಣ್ಣೆ ಜಾತಿಯ ದ್ರವಗಳನ್ನು ಫ್ಲ್ಯಾಶ್ ಪಾಯಿಂಟಿನ ಕ್ರಮದಲ್ಲೇ ನೋಡಿ. ಪೇಂಟ್ ಅಂಗಡಿಯಲ್ಲಿ ‘ಟರ್ಪೆಂಟೈನ್’ ಎಂದು ಕೊಡುವುದು ಹೆಚ್ಚಾಗಿ ಪೈನ್ ಮರದ್ದಲ್ಲ, ಪೆಟ್ರೋಲಿಯಮ್ಮಿನಿಂದ ತೆಗೆದ ಮಿನರಲ್ ಟರ್ಪೆಂಟೈನ್, ಅಂದರೆ ಎಂಟಿಒ. ಅದರ ಫ್ಲ್ಯಾಶ್ ಪಾಯಿಂಟು ಸುಮಾರು 30ರಿಂದ 40 ಡಿಗ್ರಿ. ಸೀಮೆಎಣ್ಣೆಗೆ ಭಾರತೀಯ ಮಾನಕ ಹೇಳುವ ಕನಿಷ್ಠ ಮಿತಿ 35 ಡಿಗ್ರಿ. ನಮ್ಮಲ್ಲಿ ಡೀಸೆಲ್‌ಗೂ ಕನಿಷ್ಠ ಮಿತಿ 35 ಡಿಗ್ರಿಯೇ. ಡಿ-80 ಎಂಬ ಹೆಸರಿನಲ್ಲಿ ಸಾಲ್ವೆಂಟ್ (ಜಿಡ್ಡು ಕರಗಿಸುವ ದ್ರವ) ವ್ಯಾಪಾರಿಗಳ ಬಳಿ ಸಿಗುವ, ಆರೋಮ್ಯಾಟಿಕ್ (ಬೆಂಜೀನ್ ಜಾತಿಯ) ಅಂಶ ತೆಗೆದ ದ್ರವದ್ದು 75ಕ್ಕಿಂತ ಮೇಲೆ.

ಈ ಸಂಖ್ಯೆಗಳನ್ನು ನಿಮ್ಮ ಊರಿನ ಬಿಸಿಲಿನ ಪಕ್ಕದಲ್ಲಿಟ್ಟು ಓದಿ. ಮಡಿಕೇರಿಯ ಶೆಡ್ಡಿನಲ್ಲಿ ಸೀಮೆಎಣ್ಣೆ ವರ್ಷವಿಡೀ ಹೆಚ್ಚುಕಡಿಮೆ ಸುರಕ್ಷಿತ. ಕಲಬುರಗಿ, ರಾಯಚೂರಿನಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ನೆರಳಿನಲ್ಲೇ 40 ದಾಟುತ್ತದೆ, ಸಿಮೆಂಟ್ ಶೀಟಿನ ಕೆಳಗೆ ಇನ್ನೂ ಹೆಚ್ಚು. ಅಲ್ಲಿ ಮಧ್ಯಾಹ್ನ ಅದೇ ಸೀಮೆಎಣ್ಣೆ ಪೆಟ್ರೋಲಿನ ಹಾಗೆಯೇ ಆವಿ ಬಿಡುವ ಹಂತಕ್ಕೆ ಬಂದಿರಬಹುದು. ‘ಸೀಮೆಎಣ್ಣೆಗೆ ಬೆಂಕಿಕಡ್ಡಿ ಎಸೆದರೂ ಹೊತ್ತಲ್ಲ’ ಎಂಬ ಮಾತು ತಂಪು ಊರಿನಲ್ಲಿ ಹುಟ್ಟಿದ್ದಿರಬೇಕು, ಬಯಲುಸೀಮೆಯ ಬೇಸಿಗೆಯಲ್ಲಿ ಅದನ್ನು ನಂಬಬೇಡಿ. ಬಿಸಿ ಊರಿನಲ್ಲಿರುವವರು ಬೆಲೆ ಹೆಚ್ಚಾದರೂ ಡಿ-80 ತನ್ನಿ, ಇಲ್ಲವೇ ನೀರಿನ ದ್ರಾವಣಕ್ಕೆ ಹೋಗಿ. ಡಿ-80ಯ ವಾಸನೆ ಕಡಿಮೆ, ಚರ್ಮಕ್ಕೂ ಅಷ್ಟು ಒರಟಲ್ಲ. ನಿಧಾನ ಆರುತ್ತದೆ ಎಂಬುದೊಂದೇ ದೂರು.

ಡೀಸೆಲ್ ಮೊದಲ ತೊಳೆತಕ್ಕೆ ಪರವಾಗಿಲ್ಲ. ಚೈನ್‌ಸ್ಪ್ರಾಕೆಟ್ ಮೇಲಿನ ಮಡ್ಡಿ, ಇಂಜಿನ್ ತಳದ ಕಪ್ಪು ಜಿಡ್ಡು ಬಿಡಿಸುತ್ತದೆ. ಆದರೆ ಹಿಂದೆ ಒಂದು ಎಣ್ಣೆಪದರ ಬಿಟ್ಟು ಹೋಗುತ್ತದೆ. ತುಕ್ಕಿನಿಂದ ಕಾಪಾಡುವುದಕ್ಕೆ ಅದು ಒಳ್ಳೆಯದು. ಕ್ರ್ಯಾಂಕ್‌ಕೇಸಿನ ಜೋಡಣೆ ಮುಖಕ್ಕೆ ಸೀಲೆಂಟ್ ಹಚ್ಚುವುದಿದ್ದರೆ, ಬಣ್ಣ ಹೊಡೆಯುವುದಿದ್ದರೆ ಅದೇ ಪದರ ಶತ್ರು.

ಥಿನ್ನರ್ ಮತ್ತು ಟರ್ಪೆಂಟೈನ್ ಒಂದೇ ಎಂದು ಅಂಗಡಿಯವರು ಹೇಳಿದರೆ ಒಪ್ಪಬೇಡಿ. ಎನ್‌ಸಿ ಥಿನ್ನರಿನಲ್ಲಿ (ನೈಟ್ರೋಸೆಲ್ಯುಲೋಸ್ ಬಣ್ಣ ತೆಳುವಾಗಿಸುವಂಥದ್ದು) ಟಾಲ್ವೀನ್, ಅಸಿಟೋನ್‌ನಂಥವು ಇರುತ್ತವೆ, ಫ್ಲ್ಯಾಶ್ ಪಾಯಿಂಟು ಕೋಣೆಯ ಉಷ್ಣತೆಗಿಂತ ಬಹಳ ಕೆಳಗೆ. ಕೈಗವಸನ್ನೂ ಅದು ತಿನ್ನುತ್ತದೆ.

ಇನ್ನೊಂದು ಅಪಾಯ ಸರ್ವೀಸ್ ಸ್ಟೇಷನ್ನುಗಳಲ್ಲೇ ಕಾಣಸಿಗುತ್ತದೆ: ಕಂಪ್ರೆಸರ್ ಗನ್ನಿನಿಂದ ಡೀಸೆಲ್ ಸಿಂಪಡಿಸುವುದು. ಫ್ಲ್ಯಾಶ್ ಪಾಯಿಂಟಿನ ಲೆಕ್ಕ ಡಬ್ಬದಲ್ಲಿ ನಿಂತ ದ್ರವಕ್ಕೆ ಮಾತ್ರ. ಮಂಜಿನಂತೆ ಸಣ್ಣ ಹನಿಗಳಾಗಿ ಗಾಳಿಯಲ್ಲಿ ಹರಡಿದಾಗ ಡೀಸೆಲ್ಲೂ ಡಿ-80ಯೂ ತಮ್ಮ ಫ್ಲ್ಯಾಶ್ ಪಾಯಿಂಟಿಗಿಂತ ಕಡಿಮೆ ಉಷ್ಣತೆಯಲ್ಲೇ ಹೊತ್ತಿಕೊಳ್ಳುತ್ತವೆ. ಎಣ್ಣೆ ಜಾತಿಯ ಯಾವ ದ್ರವವನ್ನೂ ಮನೆಯಲ್ಲಿ ಸಿಂಪಡಿಸಬೇಡಿ. ಧಾರೆಯಾಗಿ ಸುರಿಯಿರಿ, ಬ್ರಷ್ಷಿನಿಂದ ಉಜ್ಜಿ.

ನೀರಿನ ದ್ರಾವಣ ಮತ್ತು ಅಲ್ಯೂಮಿನಿಯಂ

ಮನೆಯೊಳಗೆ ಕೆಲಸ ಮಾಡುವವರಿಗೆ ನಮ್ಮ ಮೊದಲ ಶಿಫಾರಸು ನೀರಿನ ಡಿಗ್ರೀಸರ್, ಅಂದರೆ ನೀರಿಗೆ ಬೆರೆಸಿ ಜಿಡ್ಡು ಬಿಡಿಸುವ ದ್ರವ. ಬೆಂಕಿಯ ಭಯವಿಲ್ಲ, ಪಂಪು ಹೀಟರ್ ಎರಡನ್ನೂ ಹಾಕಬಹುದು. ಸಾಂದ್ರ ದ್ರವವನ್ನು ಸಾಮಾನ್ಯವಾಗಿ ಒಂದಕ್ಕೆ ಹತ್ತರಿಂದ ಇಪ್ಪತ್ತು ಪಾಲು ನೀರು ಸೇರಿಸಿ ಬಳಸುತ್ತಾರೆ. ಡಬ್ಬದ ಮೇಲೆ ಬರೆದ ಅಳತೆಯನ್ನೇ ಪಾಲಿಸಿ. ದುಪ್ಪಟ್ಟು ಹಾಕಿದರೆ ದುಪ್ಪಟ್ಟು ತೊಳೆಯುವುದಿಲ್ಲ, ಪಾರ್ಟಿನ ಮೇಲೆ ಬಿಳಿ ಪದರ ಉಳಿಯುತ್ತದೆ ಅಷ್ಟೆ.

ಇವುಗಳಲ್ಲಿ ಹೆಚ್ಚಿನವು ಕ್ಷಾರೀಯ. ಕಬ್ಬಿಣ, ಉಕ್ಕಿಗೆ ಕ್ಷಾರ ಒಗ್ಗುತ್ತದೆ. ಅಲ್ಯೂಮಿನಿಯಂ, ಸತುವಿಗೆ ಒಗ್ಗುವುದಿಲ್ಲ. ಬೈಕಿನಲ್ಲಿ ಪಿಸ್ಟನ್, ಸಿಲಿಂಡರ್ ಹೆಡ್, ಕ್ರ್ಯಾಂಕ್‌ಕೇಸ್ ಅಲ್ಯೂಮಿನಿಯಮ್ಮಿನವು, ಕಾರ್ಬ್ಯುರೇಟರ್ ಮೈ ಸಾಮಾನ್ಯವಾಗಿ ಸತು-ಅಲ್ಯೂಮಿನಿಯಂ ಮಿಶ್ರಲೋಹದ್ದು. ಕ್ಷಾರ-ಆಮ್ಲದ ಮಟ್ಟ ಅಳೆಯುವ ಪಿಎಚ್ ಕಾಗದದ ಒಂದು ಪುಸ್ತಕ ಕೊಂಡಿಟ್ಟುಕೊಳ್ಳಿ. ತಯಾರಿಸಿದ ದ್ರಾವಣದ ಪಿಎಚ್ 9ರ ಒಳಗಿದ್ದರೆ ಧೈರ್ಯವಾಗಿ ಮುಳುಗಿಸಿ. 10 ದಾಟಿದರೆ, ‘ಅಲ್ಯೂಮಿನಿಯಂಗೆ ಸುರಕ್ಷಿತ’ ಎಂದು ಬರೆದಿಲ್ಲದಿದ್ದರೆ ಬೇಡ. ಸೋಡಿಯಂ ಮೆಟಾಸಿಲಿಕೇಟ್ ಸೇರಿಸಿದ ಡಿಗ್ರೀಸರುಗಳು ಪಿಎಚ್ ಹೆಚ್ಚಿದ್ದರೂ ಅಲ್ಯೂಮಿನಿಯಮ್ಮನ್ನು ತಕ್ಕಮಟ್ಟಿಗೆ ಕಾಯುತ್ತವೆ. ಅನುಮಾನವಿದ್ದರೆ ಹಾಳಾದ ಒಂದು ಪಾರ್ಟನ್ನು ಹತ್ತು ನಿಮಿಷ ಮುಳುಗಿಸಿ ನೋಡಿ. ಗುಳ್ಳೆ ಎದ್ದರೆ, ಹೊಳಪು ಸತ್ತು ಬೂದು-ಕಪ್ಪಾದರೆ ಆ ದ್ರಾವಣ ಉಕ್ಕಿಗೆ ಮಾತ್ರ.

ಸೋಡಾದ ಹೆಸರಿನಲ್ಲಿ ಆಗುವ ಎಡವಟ್ಟು ದೊಡ್ಡದು. ಅಂಗಡಿಯಲ್ಲಿ ‘ಸೋಡಾ’ ಎಂದರೆ ಮೂರು ಬೇರೆ ಪುಡಿಗಳು: ಅಡುಗೆ ಸೋಡಾ, ವಾಷಿಂಗ್ ಸೋಡಾ, ಕಾಸ್ಟಿಕ್ ಸೋಡಾ. ಉಕ್ಕಿನ ಪಾರ್ಟುಗಳಿಗೆ 10 ಲೀಟರ್ ಬಿಸಿನೀರಿಗೆ 300 ಗ್ರಾಂ ವಾಷಿಂಗ್ ಸೋಡಾ, ಎರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದರೆ ಅಗ್ಗದ, ಒಳ್ಳೆಯ ದ್ರಾವಣ. ಪಂಪು ಬಳಸುವುದಾದರೆ ಲಿಕ್ವಿಡ್ ಬಿಡಿ, ನೊರೆ ಉಕ್ಕಿ ನೆಲಕ್ಕೆ ಹರಿಯುತ್ತದೆ. ಇದರ ಪಿಎಚ್ 11ರ ಸುತ್ತ, ಅಲ್ಯೂಮಿನಿಯಂ ಹಾಕುವಂತಿಲ್ಲ. ಕಾಸ್ಟಿಕ್ ಸೋಡಾಕ್ಕೆ ಅಲ್ಯೂಮಿನಿಯಂ ಹಾಕಿದರಂತೂ ಕಣ್ಣೆದುರೇ ಕುದಿಯತೊಡಗುತ್ತದೆ. ಲೋಹ ಕರಗಿ ಹೈಡ್ರೋಜನ್ ಅನಿಲ ಬಿಡುಗಡೆಯಾಗುತ್ತದೆ, ಪಾತ್ರೆ ತಾನಾಗಿಯೇ ಬಿಸಿಯಾಗುತ್ತದೆ. ಹೊರತೆಗೆದಾಗ ಪಿಸ್ಟನ್ನಿನ ಮೇಲೆ ಮಸಿಯಂಥ ಕಪ್ಪು ಕೈಗೆ ಹತ್ತುತ್ತದೆ, ರಿಂಗು ಕೂರುವ ತೋಡಿನ ಅಳತೆ ತಪ್ಪಿರುತ್ತದೆ. ಆ ಪಿಸ್ಟನ್ ಮತ್ತೆ ಬಳಸಲು ಬರುವುದಿಲ್ಲ.

ಬಿಸಿ ಬೇಕೇಬೇಕು. ನೀರಿನ ದ್ರಾವಣ ತಣ್ಣಗಿದ್ದರೆ ಗ್ರೀಸು ಅಲುಗುವುದಿಲ್ಲ, 45ರಿಂದ 60 ಡಿಗ್ರಿಯಲ್ಲಿ ಸಡಿಲಗೊಂಡು ಜಾರುತ್ತದೆ. ಡಬ್ಬದ ಗಾತ್ರ ತೀರ್ಮಾನವಾಗುವುದು ಇಲ್ಲೇ. 20 ಲೀಟರ್ ನೀರನ್ನು 25ರಿಂದ 55 ಡಿಗ್ರಿಗೆ ಏರಿಸಲು ಸುಮಾರು 0.7 ಯೂನಿಟ್ ವಿದ್ಯುತ್ ಬೇಕು, 1000 ವಾಟಿನ ಕಾಯಿಲ್ ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತದೆ. ಹೊರದೇಶದ ಮಾದರಿಯ 75 ಲೀಟರಿನ ವಾಷರ್ ಆದರೆ ಅದೇ ಕಾಯಿಲ್‌ಗೆ ಎರಡೂವರೆ ಗಂಟೆಗೂ ಹೆಚ್ಚು. ಒಂದು ಕಾರ್ಬ್ಯುರೇಟರ್ ತೊಳೆಯಲು ಯಾರೂ ಅಷ್ಟು ಕಾಯುವುದಿಲ್ಲ, ಕೊನೆಗೆ ತಣ್ಣೀರಿನಲ್ಲೇ ಉಜ್ಜಿ ‘ಈ ಲಿಕ್ವಿಡ್ ಸರಿಯಿಲ್ಲ’ ಎನ್ನುತ್ತಾರೆ. ದೊಡ್ಡದಕ್ಕಿಂತ ಚಿಕ್ಕ ಡಬ್ಬ ಹೆಚ್ಚು ಕೆಲಸಕ್ಕೆ ಬರುತ್ತದೆ. ಕಾಯಿಲ್ ಹಾಕುವುದಾದರೆ ಸ್ಟೀಲ್ ಪಾತ್ರೆಯಲ್ಲೇ ಹಾಕಿ, ಪ್ಲಗ್ ಕಿತ್ತಮೇಲೇ ಕೈ ಹಾಕಿ.

ರಬ್ಬರ್ ನೋಡಿ ತೊಳೆಯಿರಿ

ಬ್ರೇಕಿನ ಪಾರ್ಟುಗಳಿಗೆ ಸೀಮೆಎಣ್ಣೆ, ಡೀಸೆಲ್, ಪೆಟ್ರೋಲ್, ಗ್ರೀಸ್ ಯಾವುದೂ ತಾಗಬಾರದು. ಡಾಟ್-3, ಡಾಟ್-4 ಬ್ರೇಕ್ ಆಯಿಲಿಗೆ ಮಾಡಿದ ಇಪಿಡಿಎಂ ರಬ್ಬರ್ ಪೆಟ್ರೋಲಿಯಂ ಎಣ್ಣೆ ಕುಡಿದು ಉಬ್ಬುತ್ತದೆ. ಉಬ್ಬಿದ ಸೀಲು ಕ್ಯಾಲಿಪರಿನ ಪಿಸ್ಟನ್ನನ್ನು ಹಿಂದಕ್ಕೆ ಬಿಡುವುದಿಲ್ಲ, ಪ್ಯಾಡು ಡಿಸ್ಕಿಗೆ ಅಂಟಿಕೊಂಡೇ ಓಡುತ್ತದೆ. ಮಾಸ್ಟರ್ ಸಿಲಿಂಡರಿನಲ್ಲಿ ಉಬ್ಬಿದರೆ ಬ್ರೇಕು ಕೈಕೊಡಬಹುದು. ಇವುಗಳ ಒಳಭಾಗವನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಇಲ್ಲವೇ ಹೊಸ ಬ್ರೇಕ್ ಆಯಿಲಿನಲ್ಲಿ ತೊಳೆಯಿರಿ. ಆಲ್ಕೋಹಾಲೂ ಸುಲಭವಾಗಿ ಹೊತ್ತಿಕೊಳ್ಳುತ್ತದೆ, ಬಟ್ಟೆಗೆ ಸ್ವಲ್ಪವೇ ಹಾಕಿಕೊಂಡು ಬಯಲಿನಲ್ಲಿ ಒರೆಸಿ. ಬ್ರೇಕ್ ಕ್ಲೀನರ್ ಸ್ಪ್ರೇ ಕೊಳ್ಳುವಾಗ ಕ್ಲೋರಿನ್ ಇಲ್ಲದ್ದನ್ನೇ ಆರಿಸಿ. ಟೆಟ್ರಾಕ್ಲೋರೋಎಥಿಲೀನ್ ಇರುವ ಸ್ಪ್ರೇ ಹೊಡೆದ ಲೋಹ ಒಣಗುವ ಮೊದಲೇ ವೆಲ್ಡಿಂಗ್ ಮಾಡಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು.

ಕೊಂಡಿಗಳಲ್ಲಿ ರಬ್ಬರ್ ಉಂಗುರವಿರುವ ಓ-ರಿಂಗ್ ಚೈನಿಗೆ ಸೀಮೆಎಣ್ಣೆ ಮತ್ತು ಮೆತ್ತನೆ ಬ್ರಷ್ ಸಾಕು. ಪೆಟ್ರೋಲು, ತಂತಿಬ್ರಷ್ ಎರಡೂ ರಿಂಗನ್ನು ಹಾಳುಮಾಡುತ್ತವೆ. ಎರಡೂ ಕಡೆ ರಬ್ಬರ್ ಮುಚ್ಚಳವಿರುವ ಬೇರಿಂಗನ್ನು ಯಾವ ದ್ರವಕ್ಕೂ ಹಾಕಬೇಡಿ, ಒಳಗಿನ ಗ್ರೀಸ್ ತೆಳುವಾಗುತ್ತದೆ, ಹೊರಗಿನ ಕೊಳೆ ಒಳಗೆ ಹೋಗುತ್ತದೆ.

ಡಬ್ಬ, ಪಂಪು, ಅಲ್ಟ್ರಾಸಾನಿಕ್

ತಿಂಗಳಿಗೊಮ್ಮೆ ಒಂದು ಬೈಕು ಬಿಚ್ಚುವವರಿಗೆ ಎರಡು ಸ್ಟೀಲ್ ಟ್ರೇ, ಎರಡು ನೈಲಾನ್ ಬ್ರಷ್, ಒಂದು ಜರಡಿ ಸಾಕು. ಮೊದಲನೆಯದು ಕೊಳೆ ಟ್ರೇ, ಎರಡನೆಯದು ತಿಳಿ ಟ್ರೇ. ಕೊಳೆ ಟ್ರೇಯ ತಳದಿಂದ ಒಂದಿಂಚು ಮೇಲೆ ತೂತಿನ ತಗಡು ಕೂರಿಸಿ. ಮರಳು, ಲೋಹದ ಪುಡಿ ಅದರ ಕೆಳಗಿಳಿದು ಕೂರುತ್ತವೆ, ಬ್ರಷ್ಷು ಮತ್ತೆ ಎಬ್ಬಿಸುವುದಿಲ್ಲ. ಬ್ರಷ್ಷಿಗೆ ಹತ್ತಿದ ಒಂದು ಮರಳ ಕಣ ಬೇರಿಂಗಿನೊಳಗೆ ಹೋದರೆ ತೊಳೆಯದೆ ಬಿಟ್ಟಿದ್ದಕ್ಕಿಂತ ಹೆಚ್ಚು ಹಾನಿ. ಎಣ್ಣೆ ಜಾತಿಯ ದ್ರವವಾದರೆ ಟ್ರೇಗೆ ತಗಡಿನ ಮುಚ್ಚಳ ಇರಲೇಬೇಕು, ಬೆಂಕಿ ಹತ್ತಿದರೆ ಅದನ್ನು ಹಾಕಿ ಉಸಿರು ಕಟ್ಟಿಸುವುದೇ ಮೊದಲ ಉಪಾಯ. ಒಳ್ಳೆಯ ಸಾಲ್ವೆಂಟ್ ವಾಷರುಗಳ ಮುಚ್ಚಳವನ್ನು ಬಿಸಿಗೆ ಕರಗುವ ಕೊಂಡಿ ಹಿಡಿದಿರುತ್ತದೆ, ಬೆಂಕಿಯಾದರೆ ಅದು ಕರಗಿ ಮುಚ್ಚಳ ತಾನೇ ಬೀಳುತ್ತದೆ. ಆ ಕೊಂಡಿಯ ಬದಲು ತಂತಿ ಸುತ್ತಿದ ಹಳೆಯ ಯಂತ್ರ ಸಿಕ್ಕರೆ ಮೊದಲು ಕೊಂಡಿ ಹಾಕಿಸಿ. ಪಕ್ಕದಲ್ಲಿ ಎಬಿಸಿ ಪುಡಿಯ ಅಗ್ನಿಶಾಮಕ ಇರಲಿ. ನೀರು ಎರಚಿದರೆ ಎಣ್ಣೆ ತೇಲಿ ಬೆಂಕಿ ಹರಡುತ್ತದೆ.

ಪಂಪಿನ ವಾಷರ್ ಬೇಕೆಂದರೆ ನೀರಿನ ದ್ರಾವಣಕ್ಕೆ ಮಾತ್ರ. ಅಗ್ಗದ ವಾಷರುಗಳಲ್ಲಿ ಬರುವ ಪಂಪು ಏರ್‌ಕೂಲರ್ ಪಂಪಿನ ಜಾತಿಯದೇ, ಅವುಗಳ ಕೈಪಿಡಿಯಲ್ಲೂ ಹೊತ್ತಿಕೊಳ್ಳುವ ದ್ರವ ಬೇಡ ಎಂದೇ ಬರೆದಿರುತ್ತದೆ. ಕೂಲರ್ ಪಂಪು ತಂದು ಸ್ವತಃ ಮಾಡಿಕೊಳ್ಳುವವರು ಪಂಪಿನ ಬಾಯಿಯನ್ನು ತಳದಿಂದ ಮೂರಿಂಚು ಮೇಲೆ ಕೂರಿಸಿ, ಬಾಯಿಗೆ ಸ್ಪಂಜ್ ಫಿಲ್ಟರ್ ಹಾಕಿ, ಕರೆಂಟನ್ನು, ಸೋರಿಕೆಯಾದ ಕೂಡಲೇ ಅದನ್ನು ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿ ಮೂಲಕ ಕೊಡಿ. ಅರ್ಥಿಂಗ್ ಇಲ್ಲದ ಎರಡು ಪಿನ್ನಿನ ಎಕ್ಸ್‌ಟೆನ್ಷನ್ ಬಾಕ್ಸ್, ಒದ್ದೆ ಕೈ, ಸ್ಟೀಲ್ ಡಬ್ಬ ಮೂರೂ ಒಂದೆಡೆ ಸೇರಬಾರದು. ಪಂಪು ತಡೆಯುವ ಬಿಸಿ ಎಷ್ಟೆಂದು ನೋಡಿಕೊಳ್ಳಿ. ಹೆಚ್ಚಿನವು 60 ಡಿಗ್ರಿಗೆ ಮಾಡಿದವಲ್ಲ.

ಕಾರ್ಬ್ಯುರೇಟರ್, ಜೆಟ್ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಹಾಯುವ ಸಣ್ಣ ತೂತಿನ ಹಿತ್ತಾಳೆ ಬಿರಡೆ), ಚಿಕ್ಕ ಗಿಯರುಗಳೇ ಹೆಚ್ಚಾಗಿದ್ದರೆ ದುಡ್ಡನ್ನು, ಕಿವಿಗೆ ಕೇಳದ ಶಬ್ದದ ಅಲೆಯಿಂದ ಕೊಳೆ ಬಿಡಿಸುವ ಅಲ್ಟ್ರಾಸಾನಿಕ್ ಕ್ಲೀನರಿಗೆ ಹಾಕಿ. 40 ಕಿಲೋಹರ್ಟ್ಸ್‌ನ 3 ಲೀಟರ್ ಯಂತ್ರದ ಒಳ ಅಳತೆ ಸಾಮಾನ್ಯವಾಗಿ 240×135×100 ಮಿ.ಮೀ., 100-150 ಸಿಸಿ ಬೈಕಿನ ಕಾರ್ಬ್ಯುರೇಟರ್ ಕೂರುತ್ತದೆ. 6.5 ಲೀಟರಿನದು 300×150×150 ಮಿ.ಮೀ., ಚಿಕ್ಕ ಸಿಲಿಂಡರ್ ಹೆಡ್ಡೂ ಹಿಡಿಯುತ್ತದೆ. ಕೊಳ್ಳುವ ಮೊದಲು ಆ ಅಳತೆಯ ರಟ್ಟಿನ ಪೆಟ್ಟಿಗೆ ಮಾಡಿ ನಿಮ್ಮ ಪಾರ್ಟನ್ನು ಇಟ್ಟು ನೋಡಿ. ಪಾರ್ಟು ಬುಟ್ಟಿಯಲ್ಲಿ ತೂಗಬೇಕು, ತಳಕ್ಕೆ ತಾಗಿದರೆ ಕಂಪನದ ಫಲಕ ಹಾಳಾಗುತ್ತದೆ, ತೊಳೆತವೂ ನಿಲ್ಲುತ್ತದೆ.

ಅಂಗಡಿಯಲ್ಲೇ ಪರೀಕ್ಷಿಸಲು ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ತೆಗೆದುಕೊಂಡು ಹೋಗಿ. ಟ್ಯಾಂಕಿಗೆ ನೀರು ತುಂಬಿ, ಒಂದು ಹನಿ ಡಿಗ್ರೀಸರ್ ಹಾಕಿ, ಐದಾರು ನಿಮಿಷ ಖಾಲಿ ಓಡಿಸಿ. ನೀರಿನಲ್ಲಿ ಕರಗಿದ ಗಾಳಿ ಹೊರಹೋಗಬೇಕು, ಇಲ್ಲದಿದ್ದರೆ ಅಲೆಯ ಬಲವನ್ನು ಗಾಳಿಯೇ ನುಂಗುತ್ತದೆ. ಆಮೇಲೆ ಫಾಯಿಲನ್ನು ನೆಟ್ಟಗೆ ಇಳಿಬಿಟ್ಟು ಒಂದು ನಿಮಿಷ ಹಿಡಿಯಿರಿ. ತೆಗೆದು ಬೆಳಕಿಗೆ ಹಿಡಿದಾಗ ಉದ್ದಗಲಕ್ಕೂ ಸೂಜಿಮೊನೆಯಂಥ ಕುಳಿ, ತೂತು ಕಂಡರೆ ಯಂತ್ರ ಸರಿ. ಒಂದು ಮೂಲೆ ಮಾತ್ರ ಚಿಂದಿಯಾಗಿ ಉಳಿದದ್ದು ನಯವಾಗಿದ್ದರೆ ಕಂಪನ ಎಬ್ಬಿಸುವ ಒಂದು ಟ್ರಾನ್ಸ್‌ಡ್ಯೂಸರ್ ಸತ್ತಿದೆ ಎಂದೇ ತಿಳಿಯಿರಿ.

ಇದಕ್ಕೆ ಪೆಟ್ರೋಲ್, ಥಿನ್ನರ್, ಆಲ್ಕೋಹಾಲ್, ಸೀಮೆಎಣ್ಣೆ ಎಂದೂ ಹಾಕಬೇಡಿ. ಯಂತ್ರ ದ್ರವವನ್ನು ಬಿಸಿ ಮಾಡುತ್ತದೆ, ಆವಿ ಎಬ್ಬಿಸುತ್ತದೆ, ಕೆಳಗೇ ಕರೆಂಟಿನ ಬೋರ್ಡ್ ಇದೆ. ತುಮಕೂರು, ಕೋಲಾರದ ಬೋರ್‌ವೆಲ್ ನೀರಿನಂಥ ಗಡಸು ನೀರೂ ಬೇಡ, ಟ್ಯಾಂಕಿಗೆ ಬಿಳಿ ಉಪ್ಪು ಕಟ್ಟುತ್ತದೆ. ಆರ್‌ಒ ನೀರು ಅಥವಾ ಸೋಸಿದ ಮಳೆನೀರು ಬಳಸಿ. 50-55 ಡಿಗ್ರಿ, ಪಿಎಚ್ 9ರ ಒಳಗಿನ ದ್ರಾವಣ, ಎಂಟು ನಿಮಿಷದ ಒಂದು ಸುತ್ತು, ನಡುವೆ ಪಾರ್ಟು ತಿರುಗಿಸಿ ಮೂರು ಸುತ್ತು. ಗಂಟೆಗಟ್ಟಲೆ ಬಿಟ್ಟರೆ ಅಲ್ಯೂಮಿನಿಯಂ ಮೈ ಬೂದಾಗುತ್ತದೆ, ಬಣ್ಣ ಕಿತ್ತುಬರುತ್ತದೆ. ಫ್ಲೋಟ್, ಡಯಾಫ್ರಮ್, ಸೆನ್ಸರ್, ಓ-ರಿಂಗ್ ಮೊದಲೇ ತೆಗೆದಿರಬೇಕು.

ತೊಳೆಯುವ ಕ್ರಮ

ಮೊದಲು ಒಣಗಿದ್ದಾಗಲೇ ಕೆರೆಯಿರಿ. ಮಣ್ಣು ಬೆರೆತ ಗ್ರೀಸನ್ನು ಮರದ ಚಕ್ಕೆಯಿಂದ ಕೆರೆದು ಕಾಗದದ ಮೇಲೆ ಒರೆಸಿದರೆ ದ್ರವ ಬಹಳ ದಿನ ಬಾಳುತ್ತದೆ. ನೈಟ್ರೈಲ್ ಕೈಗವಸು, ಕನ್ನಡಕ ಹಾಕಿ. ಲೇಟೆಕ್ಸ್ ಗವಸು ಸೀಮೆಎಣ್ಣೆಯಲ್ಲಿ ಹಿಗ್ಗಿ ಹರಿಯುತ್ತದೆ. ಶುಚಿಯಾಗಿರಬೇಕಾದ ಪಾರ್ಟು ಮೊದಲು, ಕೊಳಕಿನದು ಕೊನೆಗೆ: ಕಾರ್ಬ್ಯುರೇಟರ್, ಬೇರಿಂಗು, ಗಿಯರು, ಆಮೇಲೆ ಕವರುಗಳು, ಎಲ್ಲಕ್ಕಿಂತ ಕೊನೆಗೆ ಚೈನು. ಕೊಳೆ ಟ್ರೇಯಲ್ಲಿ ಉಜ್ಜಿ, ತಿಳಿ ಟ್ರೇಯಲ್ಲಿ ಅದ್ದಿ, ಬಿಸಿ ಸಾಬೂನುನೀರು, ಕೊನೆಗೆ ಬರೀ ಬಿಸಿನೀರು.

ಪೈಲಟ್ ಜೆಟ್ಟಿನ ತೂತು ಕೂದಲೆಳೆಯಷ್ಟು. ಅದಕ್ಕೆ ಸೂಜಿ, ತಂತಿ ತೂರಿಸಿದರೆ ಹಿತ್ತಾಳೆ ಮೆತ್ತಗಿರುವುದರಿಂದ ತೂತು ದೊಡ್ಡದಾಗಿ ಇಂಜಿನ್ ಹೆಚ್ಚು ಪೆಟ್ರೋಲ್ ಕುಡಿಯತೊಡಗುತ್ತದೆ. ಮೀನು ಹಿಡಿಯುವ ತೆಳು ನೈಲಾನ್ ದಾರ ತೂರಿಸಿ, ಬೆಳಕಿಗೆ ಹಿಡಿದು ನೋಡಿ. ತೂತು ಪೂರ್ತಿ ದುಂಡಗೆ ಕಾಣಬೇಕು. ಅಂಚಿನಲ್ಲಿ ಅರ್ಧಚಂದ್ರದಂತೆ ಕತ್ತಲೆ ಕಂಡರೆ ಒಳಗೆ ಇನ್ನೂ ವಾರ್ನಿಷ್ (ಪೆಟ್ರೋಲು ಒಣಗಿ ಕಟ್ಟಿದ ಅಂಟು) ಇದೆ. ಹಿತ್ತಾಳೆ ಜೆಟ್ಟಿನ ಕಿಲುಬಿಗೆ ಹುಣಸೆಹುಳಿ ನೀರು ನಡೆಯುತ್ತದೆ, ಕಾರ್ಬ್ಯುರೇಟರಿನ ಮೈಗೆ ಹುಳಿ ಬೇಡ, ಸತುವನ್ನು ತಿನ್ನುತ್ತದೆ.

ನೀರಿನಲ್ಲಿ ತೊಳೆದ ಉಕ್ಕು ತುಕ್ಕು ಹಿಡಿಯಲು ತಡಮಾಡುವುದಿಲ್ಲ. ಕೊನೆಯ ನೀರು 60 ಡಿಗ್ರಿ ಇದ್ದರೆ ಪಾರ್ಟಿನ ಬಿಸಿಗೇ ತೇವ ಆರುತ್ತದೆ, ಕೂಡಲೇ ತೆಳು ಎಣ್ಣೆ ಹಚ್ಚಿ. ಕಂಪ್ರೆಸರ್ ಗಾಳಿಯಿಂದ ಬೇರಿಂಗನ್ನು ಗಿರಗಿರ ತಿರುಗಿಸುವ ಆಟ ಬೇಡ. ಎಣ್ಣೆಯಿಲ್ಲದೆ ಸುತ್ತಿದ ಗೋಲಿಗಳು ತಾವು ಉರುಳುವ ದಾರಿಯನ್ನು ಗೀರುತ್ತವೆ, ಅವನ್ನು ಹಿಡಿದಿಡುವ ಕೇಜ್ ಒಡೆದರೆ ಗೋಲಿ ಗುಂಡಿನಂತೆ ಹಾರುತ್ತದೆ. ತುಕ್ಕು ಹಿಡಿದ ಉಕ್ಕಿಗೆ ಲೀಟರಿಗೆ 50ರಿಂದ 100 ಗ್ರಾಂ ಸಿಟ್ರಿಕ್ ಆಮ್ಲ ಹಾಕಿ ಕೆಲವು ಗಂಟೆ ನೆನೆಹಾಕಿ, ಆಗಾಗ ನೋಡುತ್ತಿರಿ, ಅಡುಗೆ ಸೋಡಾ ನೀರಿನಲ್ಲಿ ಅದ್ದಿ ತೊಳೆಯಿರಿ. ಸ್ಪ್ರಿಂಗ್, ಗಡಸು ಮಾಡಿದ ಪಿನ್ನುಗಳನ್ನು ಆಮ್ಲಕ್ಕೆ ಹಾಕಬೇಡಿ. ಹೈಡ್ರೋಜನ್ ಲೋಹದೊಳಗೆ ಸೇರಿ ಅವು ಮುಂದೊಂದು ದಿನ ಪಟ್ಟನೆ ಮುರಿಯಬಹುದು.

ಹಳೆಯ ದ್ರವ

ಸೀಮೆಎಣ್ಣೆ, ಡಿ-80 ಕಪ್ಪಾದರೆ ಚೆಲ್ಲಬೇಡಿ. ಮುಚ್ಚಿದ ಕ್ಯಾನಿನಲ್ಲಿ ಮೂರು ದಿನ ಅಲುಗಾಡಿಸದೆ ಇಟ್ಟರೆ ಬಗ್ಗಡ ತಳಕ್ಕಿಳಿಯುತ್ತದೆ, ಮೇಲಿನ ತಿಳಿಯನ್ನು ದಪ್ಪ ಬಟ್ಟೆಯಲ್ಲಿ ಸೋಸಿ ಕೊಳೆ ಟ್ರೇಗೆ ಮತ್ತೆ ಬಳಸಿ. ನೀರಿನ ದ್ರಾವಣ ರಾತ್ರಿ ತಣ್ಣಗಾದಮೇಲೆ ಎಣ್ಣೆ ಮೇಲೆ ತೇಲುತ್ತದೆ, ಹಳೆಯ ಪತ್ರಿಕೆಯ ಹಾಳೆ ಹಾಸಿ ಎತ್ತಿ ತೆಗೆಯಿರಿ. ಉಳಿದ ಗಸಿ ಚರಂಡಿಗೂ ಬೇಡ, ತೆಂಗಿನ ಬುಡಕ್ಕೂ ಬೇಡ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಎಣ್ಣೆಯೂ ಸೇರಿದೆ. ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಮರುಬಳಕೆದಾರರು ದೊಡ್ಡ ಸರ್ವೀಸ್ ಸೆಂಟರುಗಳಿಂದ ಹಳೆ ಎಣ್ಣೆ ಒಯ್ಯುತ್ತಾರೆ, ಅಂಥ ಸೆಂಟರಿನವರನ್ನು ಕೇಳಿ ನಿಮ್ಮ ಕ್ಯಾನನ್ನೂ ಅಲ್ಲಿಗೇ ಕೊಡಿ.

ಯಾವ ದ್ರವವನ್ನೂ ಕುಡಿಯುವ ನೀರಿನ ಬಾಟಲಿಗೆ ತುಂಬಬೇಡಿ. ಬಿಳಿ ಸೀಮೆಎಣ್ಣೆ, ಡಿ-80 ಎರಡೂ ನೋಡಲು ನೀರಿನಂತೆಯೇ ಇವೆ. ಮಗು ಅಕಸ್ಮಾತ್ ಕುಡಿದರೆ ವಾಂತಿ ಮಾಡಿಸಬೇಡಿ, ಮೇಲೆ ಬರುವಾಗ ಶ್ವಾಸಕೋಶಕ್ಕೆ ಇಳಿದು ಹೆಚ್ಚು ಅಪಾಯವಾಗುತ್ತದೆ. ದ್ರವದ ಕ್ಯಾನನ್ನು ಜೊತೆಗಿಟ್ಟುಕೊಂಡು ನೇರ ಆಸ್ಪತ್ರೆಗೆ ಒಯ್ಯಿರಿ.